ಕೂಗಿಗೆ ಕದಲದವನು

ಆ ದಿನ ಬೆಳಿಗ್ಗೆಯೂ ವರ್ಲೀನ್ ಗಂಡನಿಗೆ ಎಂದಿನಂತೆ ಸುಳ್ಳುಗಳನ್ನು ಕೂಗಿ ಹೇಳಿದಳು. ಮನೆ ಮುಂದೆ ಕಾರು ನಿಲ್ಲಿಸುವ ಜಾಗದಲ್ಲಿ ಕ್ಲೀವನ್ ಹಿಮ ಗೋರಿ ಒಂದು ಪಟ್ಟಿಯಷ್ಟು ನೆಲ ಬಿಡಿಸಿಕೊಂಡಿದ್ದ. ಅದರ ತುದಿಯಲ್ಲಿ ಒಂದು ಕೈ ನೆಲಕ್ಕೂರಿ, ಸೊಂಟ ಮೇಲೆತ್ತಿ, ಬಗ್ಗಿ ನಿಂತಿದ್ದ. ಅವಳ ಕೈಯಲ್ಲಿ ಹಳೇ ಪೊರಕೆಯ ಕೋಲು. ಕೋಲಿನ ತುದಿಗೆ ಟೇಪು ಸುತ್ತಿ ಬಿಗಿದ ಚೆಂಡು. ಚೆಂಡು ಅಲುಗಿದ ಕ್ಷಣ ಅವನು ನುಗ್ಗಬೇಕು. ಅಲ್ಲಿಯವರೆಗೆ ಅವಳು ಏನೇ ಕೂಗಲಿ, ಕದಲಬಾರದು.

“ಕ್ಲೀವನ್, ಜೋಳದ ಬ್ರೆಡ್ ಸೀದೋಯ್ತು.”

ಕದಲಲಿಲ್ಲ.

“ನಿಮ್ಮಮ್ಮ ಬಂದ್ರು ನೋಡು, ಎರಡು ಸೂಟ್‌ಕೇಸ್ ಹಿಡ್ಕೊಂಡು.”

ತುಟಿಯ ಮೂಲೆ ಅಲುಗಿತು, ಕೈ ಅಲುಗಲಿಲ್ಲ.

“ಹಿಂದೆ ಕಾರು, ಕ್ಲೀವನ್!”

ಅವನ ಕಣ್ಣು ಚೆಂಡಿನ ಮೇಲೇ ಇತ್ತು. ಅವಳು ಕೋಲು ಎಳೆದಳು. ಅವನು ನುಗ್ಗಿದ.

“ತಡ,” ಎಂದಳು.

“ಎಷ್ಟು ತಡ?”

“ನಿಮ್ಮಜ್ಜಿ ಚರ್ಚಿಗೆ ಹೋಗ್ತಿದ್ರಲ್ಲ, ಅಷ್ಟು.”

ಅವನು ಚಳಿಗೆ ಬಾಯಿಂದ ಬಿಳಿ ಹಬೆ ಬಿಡುತ್ತ ನಕ್ಕ. ಬೇರೆ ಯಾರೂ ಅವನಿಗೆ ಹಾಗೆ ಮುಖದ ಮೇಲೆ ಹೇಳುತ್ತಿರಲಿಲ್ಲ. ಅವಳು ಹೇಳದಿದ್ದರೆ ಅವನು ಬಿಡುತ್ತಲೂ ಇರಲಿಲ್ಲ.

ಅವನು ಅಮೆರಿಕದ ಫುಟ್ಬಾಲ್ ಆಡುವವನು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ ಅದು. ಎದುರು ತಂಡದಲ್ಲಿ ಚೆಂಡು ಎಸೆಯುವವನು ಇರುತ್ತಾನಲ್ಲ, ಅವನು ಎಸೆಯುವ ಮೊದಲು ಅವನ ಮೇಲೆ ಬೀಳುವುದು ಕ್ಲೀವನ್‌ನ ಕೆಲಸ. ಅದೂ ಕಾಯಂ ಕೂಲಿಯಲ್ಲ, ಬದಲಿ ಕೂಲಿ. ಆ ಜಾಗಕ್ಕೆ ತಂಡ ದುಡ್ಡು ಸುರಿದು ತಂದ ದೊಡ್ಡ ಆಟಗಾರ ಬೇರೆ ಇದ್ದ. ಅವನಿಗೆ ದಣಿವಾದಾಗ, ಕಾಲು ಉಳುಕಿದಾಗ ಇವನನ್ನು ಕರೆಯುತ್ತಿದ್ದರು. ಇವನು ಓಡಿ ಹೋಗಿ, ಎದುರಿನ ಗೋಡೆಯಂಥ ಮನುಷ್ಯನನ್ನು ತಳ್ಳಿ, ಎಸೆಯುವವನನ್ನು ಮುಟ್ಟುವ ಹೊತ್ತಿಗೆ ಚೆಂಡು ಆಗಲೇ ಗಾಳಿಯಲ್ಲಿ ಇರುತ್ತಿತ್ತು. ಕ್ಷೌರದಂಗಡಿಯ ಐಸಾಯ ಅವನ ತಲೆಗೆ ಮಷೀನು ಹಚ್ಚಿ ಎಲ್ಲರೆದುರೂ ಆಡಿಕೊಳ್ಳುತ್ತಿದ್ದ: ಇವನು ಬಸ್ಸು ತಪ್ಪಿಸಿಕೊಂಡವನ ಹಾಗೆ ಬರುತ್ತಾನೆ, ಸ್ಟಾಪಿಗೆ ಮುಟ್ಟುವ ಹೊತ್ತಿಗೆ ಹೊಗೆ ಮಾತ್ರ ಸಿಗುತ್ತದೆ. ಕ್ಲೀವನ್ ಅದನ್ನು ಮನೆಗೆ ತಂದು ಐಸಾಯನದೇ ದನಿಯಲ್ಲಿ ಹೇಳಿ ತೋರಿಸುತ್ತಿದ್ದ. ರೇಡಿಯೋಗೆ ಫೋನ್ ಮಾಡಿ ಇಂಥವನಿಗೆ ಸಂಬಳ ದಂಡ ಎನ್ನುವವರ ಮಾತನ್ನು ಮಾತ್ರ ತೋರಿಸುತ್ತಿರಲಿಲ್ಲ.

ಅವನ ಕರಾರು ಪ್ರತಿಸಲವೂ ಒಂದೇ ವರ್ಷದ್ದು. ಆಟದ ಕಾಲ ಮುಗಿದ ಮೇಲೆ ಕೋಚ್ ಹಾಲ್ವರ್ಸನ್ ಕತ್ತಲೆ ಕೋಣೆಯಲ್ಲಿ ಕೂತು ವರ್ಷದ ಆಟದ ಫಿಲ್ಮನ್ನೆಲ್ಲ ಹಿಂದೆ ಮುಂದೆ ಓಡಿಸಿ ನೋಡಿ, ಯಾರು ಉಳಿಯಬೇಕು, ಯಾರು ಹೋಗಬೇಕು ಎಂದು ತೂಗುತ್ತಿದ್ದರು. ಹೋಗು ಎಂದರೆ ಗಂಟುಮೂಟೆ ಕಟ್ಟಬೇಕು. ಅಲಬಾಮಾದಿಂದ ಹೊರಟ ಮೇಲೆ ಇದು ಅವರಿಗೆ ಮೂರನೇ ಊರು. ಬಾಡಿಗೆ ಮನೆಯ ಗೋಡೆಗೆ ಕ್ಲೀವನ್ ಮೊಳೆ ಹೊಡೆಯಲು ಬಿಟ್ಟಿರಲಿಲ್ಲ. ಮದುವೆಯ ಫೋಟೋ, ಅಜ್ಜಿಯ ಫೋಟೋ ಎಲ್ಲ ನೆಲದ ಮೇಲೆ ಗೋಡೆಗೊರಗಿ ನಿಂತಿದ್ದವು. ಈ ಸಲ ಉಳಿಸಿಕೊಂಡರೆ ಮೊಳೆ ಹೊಡೆಯೋಣ ಎಂದಿದ್ದ. ಈ ಕೆರೆಯಂಚಿನ ಚಳಿ ಊರು ಅವನಿಗೆ ಹಿಡಿಸಿತ್ತು. ಕೋಚ್‌ನ ಫೋನು ಮಾತ್ರ ಇನ್ನೂ ಬಂದಿರಲಿಲ್ಲ.

ಅಂದು ತಿಂಡಿ ತಿಂದು, ಮೆಟ್ಟಿಲ ಮೇಲಿನ ಮಂಜುಗಡ್ಡೆ ಕರಗಿಸಲು ಉಪ್ಪು ತರುತ್ತೇನೆಂದು ಹೊರಟ. ಬರುವಾಗ ಕಾಫಿಪುಡಿ ತಾ ಎಂದು ಅವಳು ಬಾಗಿಲಿಂದ ಕೂಗಿದಳು. ತಿರುಗಲಿಲ್ಲ. ಬೇಕೆಂದೇ ತಿರುಗಲಿಲ್ಲ. ಬೆನ್ನು ಹಾಕಿಕೊಂಡೇ ಕೈ ಮೇಲೆತ್ತಿ ಆಡಿಸಿ, ಕಾರು ಹತ್ತಿದ.

ಕೆರೆಯ ಬದಿಯ ರಸ್ತೆಯಲ್ಲಿ ಯಾರದೋ ಕಾರು ಹಿಮದಲ್ಲಿ ಹೂತಿತ್ತು. ಕ್ಲೀವನ್ ಇಳಿದು ಹಿಂದಿನಿಂದ ಹೆಗಲು ಕೊಟ್ಟ. ತಳ್ಳುವುದು ಅವನಿಗೆ ಗೊತ್ತಿದ್ದ ಕೆಲಸ. ಹಿಂದೆ ಬಂದ ಲಾರಿ ಬ್ರೇಕು ಹಾಕಿದರೂ ನಿಲ್ಲದೆ, ಮಂಜಿನ ಮೇಲೆ ಜಾರಿಕೊಂಡೇ ಬಂತು.

ಆ ಕಾರಿನ ಹೆಂಗಸು ಆಮೇಲೊಂದು ದಿನ ಸೇಬಿನ ಕೇಕು ಹಿಡಿದು ವರ್ಲೀನ್‌ಳ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ.

“ನಾವೆಲ್ಲ ಕೂಗಿದ್ವಮ್ಮ,” ಎಂದಳು. “ನಾನು ಕನ್ನಡೀಲಿ ನೋಡಿ ಕಿರುಚಿದೆ. ರಸ್ತೆ ಆಚೆ ಇದ್ದೋರೂ ಕೂಗಿದ್ರು. ಅವರು ತಲೇನೇ ಎತ್ತಲಿಲ್ಲ. ನನ್ನ ಕಾರಿನ ಚಕ್ರ ಕದಲುತ್ತಾ ಅಂತ ಅದನ್ನೇ ನೋಡ್ತಿದ್ರು.”

ಗಾಳಿ ಜೋರಿತ್ತು, ಕಿವಿ ಮುಚ್ಚುವ ಉಣ್ಣೆಯ ಟೋಪಿ ಇತ್ತು, ಕೇಳಿಸಿರಲಾರದು ಎಂದು ಪೊಲೀಸರು ಹೇಳಿದ್ದರು. ವರ್ಲೀನ್ ಅದಕ್ಕೂ ತಲೆಯಾಡಿಸಿದ್ದಳು. ಈಗ ಇದಕ್ಕೂ ಆಡಿಸಿದಳು. ಕೇಕು ತೆಗೆದುಕೊಂಡು ಬಾಗಿಲು ಹಾಕಿದಳು. ಅದನ್ನು ಅವಳು ತಿನ್ನಲಿಲ್ಲ, ಬಿಸಾಡಲೂ ಇಲ್ಲ. ಅದು ಬಹಳ ದಿನ ಫ್ರಿಜ್ಜಿನಲ್ಲಿತ್ತು.

ಸತ್ತ ಮೇಲೆ ಕ್ಲೀವನ್‌ನ ಬೆಲೆ ಏರಿತು. ಅವನನ್ನು ಕಿತ್ತುಹಾಕಿ ಎನ್ನುತ್ತಿದ್ದ ರೇಡಿಯೋದಲ್ಲೇ, ಅವನಿಗೆ ಎರಡು ವರ್ಷದ ಕರಾರು ಖಂಡಿತ ಇತ್ತು ಎಂದರು. ಚರ್ಚಿನಲ್ಲಿ ಯಾರೋ ಅವನ ಕಾಲು ಮಿಂಚು ಎಂದರು. ಐಸಾಯ ಗೆಣಸಿನ ಪೈ ಕಟ್ಟಿಸಿಕೊಂಡು ಬಂದು, ಅಂಥ ಆಟಗಾರ ಈ ಊರಿಗೆ ಮತ್ತೆ ಬರುವುದಿಲ್ಲ ಎಂದು ಶುರುಮಾಡಿದ. ವರ್ಲೀನ್‌ಗೆ ತಡೆಯಲಾಗಲಿಲ್ಲ.

“ಸುಮ್ನಿರಿ ಐಸಾಯ. ಬದುಕಿದ್ದಾಗ ಬಸ್ಸು ತಪ್ಪಿಸ್ಕೊಂಡೋನು, ಸತ್ತ ಮೇಲೆ ಡ್ರೈವರ್ ಆಗ್ಬಿಟ್ನಾ?”

ಐಸಾಯ ಪೈಯ ಡಬ್ಬಿಯ ಮುಚ್ಚಳವನ್ನೇ ನೋಡುತ್ತ ಕೂತ. “ಬಸ್ಸು ತಪ್ಪಿದ್ರೂ ದಿನಾ ಸ್ಟಾಪಿಗೆ ಬರ್ತಿದ್ದ, ತಂಗಿ. ಅದನ್ನೂ ನಾನು ಅವನಿಗೆ ಹೇಳ್ಬೇಕಿತ್ತು.”

ಅವಳಿಗೆ ಬೇಕಾಗಿದ್ದು ಹೊಗಳಿಕೆಯಲ್ಲ. ಅವನನ್ನು ಉಳಿಸಿಕೊಳ್ಳುತ್ತಿದ್ದರೋ ಇಲ್ಲವೋ, ಅದೊಂದು ಗೊತ್ತಾಗಬೇಕಿತ್ತು. ಅವನು ಅದನ್ನು ಕೇಳಿಸಿಕೊಳ್ಳದೆ ಹೋದ. ಅವನ ಬದಲಿಗೆ ತಾನಾದರೂ ಕೇಳಿಸಿಕೊಳ್ಳಬೇಕು. ಫೋಟೋಗಳು ಇನ್ನೂ ನೆಲದ ಮೇಲೇ ಇದ್ದವು. ಗೋಡೆಗೆ ಹಾಕಲು ಮನಸ್ಸು ಬರಲಿಲ್ಲ, ಕಟ್ಟಿಡಲೂ ಬರಲಿಲ್ಲ.

ಮಾರ್ಚ್‌ನಲ್ಲಿ ಹಾಲ್ವರ್ಸನ್ ಬಂದರು. ವಯಸ್ಸಾದ ಮನುಷ್ಯ. ಟೋಪಿ ತೆಗೆದು ಅಡುಗೆಮನೆಯ ಮೇಜಿನ ಮುಂದೆ ಕೂತು, ಅವಳು ಕೊಟ್ಟ ಕಾಫಿ ಕುಡಿದರು. ಅವರು ಸಮಾಧಾನದ ಮಾತು ಎತ್ತುವ ಮೊದಲೇ ಅವಳು ಕೇಳಿದಳು.

“ಉಳಿಸ್ಕೊಳ್ತಿದ್ರಾ, ಇಲ್ವಾ? ನನಗೋಸ್ಕರ ಹೇಳ್ಬೇಡಿ ಕೋಚ್. ಇದ್ದಿದ್ದನ್ನ ಹೇಳಿ.”



“ಕಾಲು ನಿಧಾನ ಆಗಿತ್ತಮ್ಮ. ಹೋದ ವರ್ಷಕ್ಕಿಂತ ಈ ವರ್ಷ ಇನ್ನೂ ನಿಧಾನ.”

“ಗೊತ್ತು.”

“ಎಸೆಯೋನನ್ನ ಕೆಡವಿದ್ದು ಕಮ್ಮಿ. ಬರೀ ಅದನ್ನ ನೋಡಿದ್ರೆ ಬೇಡ ಅಂತಿದ್ದೆ.” ಲೋಟ ಕೆಳಗಿಟ್ಟರು. “ಆದ್ರೆ ಎದುರಿನೋರು ಸುಳ್ಳು ಕೂಗು ಹಾಕಿ ನಮ್ಮೋರನ್ನ ಕೆಣಕ್ತಾರಲ್ಲ. ಚೆಂಡು ಅಲುಗೋಕೆ ಮೊದ್ಲೇ ನಮ್ಮೋರು ನುಗ್ಗಿದ್ರೆ ಅವರಿಗೆ ಐದು ಗಜ ಜಾಗ ಪುಕ್ಕಟೆ. ನಮ್ಮ ದೊಡ್ಡೋನು ಎಷ್ಟು ಸಲ ಮೋಸ ಹೋದ. ನಿನ್ನ ಗಂಡ ಒಂದ್ಸಲಾನೂ ಹೋಗ್ಲಿಲ್ಲ. ಇಡೀ ವರ್ಷದ ಆಟ ಹುಡುಕಿದೆ. ಎಂಥ ಕೂಗಿಗೂ ಕದಲಲಿಲ್ಲ. ಸಾಲಲ್ಲಿ ಪಕ್ಕ ನಿಂತ ಹುಡುಗರು ಅವನನ್ನ ನೋಡಿ ತಡ್ಕೊಳ್ಳೋರು. ಅದಕ್ಕೇನೆ ಇನ್ನೊಂದು ವರ್ಷ ಇಟ್ಕೊಳ್ಳೋಣ ಅಂತ ಆಗಿತ್ತು. ಫೋನ್ ಮಾಡೋನಿದ್ದೆ.”

ವರ್ಲೀನ್ ಮೇಜಿನ ಅಂಚು ಹಿಡಿದುಕೊಂಡಳು.

“ಅದನ್ನ ಕಲಿಸೋಕಾಗಲ್ಲ ಅಂತ ನಾನು ತಿಳ್ಕೊಂಡಿದ್ದೆ,” ಎಂದರು ಅವರು. “ಎಲ್ಲಿ ಕಲಿತ್ಯೋ ಅಂತ ಒಂದ್ಸಲ ಕೇಳಿದೆ. ಮನೇಲಿ ಅಂದ. ತಮಾಷೆ ಮಾಡ್ತಿದಾನೆ ಅಂದ್ಕೊಂಡೆ.”

ಅವಳು ಎದ್ದು ಅವರ ಲೋಟಕ್ಕೆ ಮತ್ತೆ ಕಾಫಿ ಹಾಕಿದಳು. ಬಾಗಿಲ ಹಿಂದೆ ಪೊರಕೆ ಕೋಲು, ಚೆಂಡಿನ ಸಮೇತ, ಒರಗಿ ನಿಂತಿತ್ತು. ಅವರು ಅದನ್ನು ನೋಡಲಿಲ್ಲ. ಅವಳು ತೋರಿಸಲೂ ಇಲ್ಲ.

ಅವರು ಹೋದ ಮೇಲೆ ಮೊಳೆ, ಸುತ್ತಿಗೆ ತಂದಳು. ಮದುವೆಯ ಫೋಟೋ, ಅಜ್ಜಿಯ ಫೋಟೋ, ಎಲ್ಲವನ್ನೂ ನೇತುಹಾಕಿದಳು. ಕೆಲವು ಸೊಟ್ಟಗಿವೆ. ಹಾಗೇ ಬಿಟ್ಟಿದ್ದಾಳೆ.

ಅವಳು ಈಗಲೂ ಅದೇ ಮನೆಯಲ್ಲಿದ್ದಾಳೆ. ಬೆಳಿಗ್ಗೆ ಎದ್ದವಳೇ ಬೂಟು ಮೆಟ್ಟಿ ಹೊರಗೆ ಬರುತ್ತಾಳೆ. ಹಿಮ ಇದ್ದರೆ ಸಲಿಕೆ, ಇಲ್ಲದಿದ್ದರೆ ಪೊರಕೆ. ಕಾರು ಹೂತಿದ್ದರೆ ಹೂತಿರಲಿ, ಮೆಟ್ಟಿಲು ಆಮೇಲೆ. ಮೊದಲು ಆ ಪಟ್ಟಿ. ಅವನು ಕೈಯೂರುತ್ತಿದ್ದ ಕಡೆಯಿಂದ ಅವಳು ನಿಲ್ಲುತ್ತಿದ್ದ ಕಡೆಯವರೆಗೆ ಕರಿ ನೆಲ ಕಾಣಬೇಕು. ಅಲ್ಲಿ ಅವಳು ಬಾಯಿ ಬಿಡುವುದಿಲ್ಲ. ನೆರೆಯವರು ಬೇಲಿಯಾಚೆಯಿಂದ ಕೂಗಿ ಮಾತಾಡಿಸುತ್ತಾರೆ, ಪಾಪ, ಒಳ್ಳೆಯವರು. ಅವಳು ತಲೆ ಎತ್ತುವುದಿಲ್ಲ. ಸಲಿಕೆಯ ತುದಿ ನೋಡುತ್ತ ಗೋರುತ್ತಲೇ ಇರುತ್ತಾಳೆ.