ಹುಡುಕಿದರೂ ಸಿಗದ ಓ ನೆಗೆಟಿವ್

ಆರ್ಕುಟ್ ಗೆಳೆಯರೇ, ಇವತ್ತು ಬೆಳಗ್ಗೆ ಜಯನಗರದ ನಮ್ಮ ರಕ್ತದಾನಿಗಳ ಬಳಗಕ್ಕೆ ಒಬ್ಬರು ಫೋನ್ ಮಾಡಿದರು. ಬನಶಂಕರಿಯ ನರ್ಸಿಂಗ್ ಹೋಮಿನಲ್ಲಿ ಅವರ ಹೆಂಡತಿಗೆ ಹೆರಿಗೆಯಾಗಿ ರಕ್ತಸ್ರಾವ ನಿಲ್ಲುತ್ತಿರಲಿಲ್ಲ.

“ಸಾರ್, ಓ ನೆಗೆಟಿವ್ ಬೇಕು. ಬ್ಲಡ್ ಬ್ಯಾಂಕಲ್ಲೂ ಇಲ್ಲ ಅಂತಾರೆ.”

ದಾನಿಗಳ ಎಕ್ಸೆಲ್ ಫೈಲು ತೆರೆದು ‘ಓ ನೆಗೆಟಿವ್’ ಎಂದು ಹುಡುಕಿದೆ. ಒಂದೂ ಸಿಗಲಿಲ್ಲ. “ನಮ್ಮಲ್ಲಿ ಯಾರೂ ಇಲ್ಲ ಸಾರ್” ಎಂದುಬಿಟ್ಟೆ.

ಮಧ್ಯಾಹ್ನ ಆ ಫೈಲು ಮಾಡಿದ್ದ ಗೆಳತಿ ಸುಮಾಗೆ ಹೇಳಿದರೆ ಬೆಚ್ಚಿಬಿದ್ದಳು.

“ಅಯ್ಯೋ, ಆ ಕಾಲಮ್ಮಲ್ಲಿರೋದು ಫಾರ್ಮುಲಾ ಕಣೋ! ಓ ಒಂದು ಕಡೆ, ನೆಗೆಟಿವ್ ಇನ್ನೊಂದು ಕಡೆ ಇದೆ. ಎರಡನ್ನೂ ಸೇರಿಸಿ ತೋರಿಸತ್ತೆ ಅಷ್ಟೇ. ನೀನು ಫಾರ್ಮುಲಾ ಒಳಗೆ ಹುಡುಕಿದೀಯ. ವ್ಯಾಲ್ಯೂಸ್ ಅಂತ ಹಾಕಿ ಹುಡುಕು, ಆಗ ಪರದೆ ಮೇಲೆ ಕಾಣೋದ್ರಲ್ಲಿ ಹುಡುಕತ್ತೆ.”

ಹುಡುಕಿದೆ. ಗಿರಿನಗರದ ಮೂರ್ತಿಯವರ ಹೆಸರು ಬಂತು. ಅವರು ಫೋನ್ ಇಟ್ಟವರೇ ಸ್ಕೂಟರ್ ಹತ್ತಿದರು. ನಾನೂ ಓಡಿದೆ.

ನರ್ಸಿಂಗ್ ಹೋಮಿನ ಬಾಗಿಲಲ್ಲೇ ಆ ಗಂಡ ನಮಗೆ ಕೈಮುಗಿದರು. “ಆಗೋಯ್ತು ಸಾರ್, ಹೋಗ್ಬಿಟ್ಳು. ಪಾಪ, ನೀವಾದ್ರೂ ಬಂದ್ರಲ್ಲ.”

ಮರಳುವಾಗ ಮೂರ್ತಿಯವರು ಒಂದೇ ಮಾತು ಕೇಳಿದರು. “ಬೆಳಗ್ಗೇನೇ ಯಾಕ್ರೀ ಫೋನ್ ಮಾಡ್ಲಿಲ್ಲ? ಮನೇಲೇ ಇದ್ನಲ್ಲ.”

ದಾನಿಗಳ ವಿವರವೆಲ್ಲ ಕಂಪ್ಯೂಟರಿನಲ್ಲಿದೆ ಎಂದು ನಮ್ಮ ಬಳಗದ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೇವೆ. ಅದರಲ್ಲಿ ಸುಳ್ಳೇನೂ ಇಲ್ಲ.