ಒದ್ದೆ ಫಿಲಮಿನಲ್ಲಿ ತಮ್ಮನ ಮುಖ

ಬಾಕ್ಸಿಂಗ್ ಕ್ಲಬ್ಬಿನಲ್ಲಿ ಎಲ್ಲರೂ ಅವಳನ್ನು ಹತ್ತಿ ಅಕ್ಕ ಎನ್ನುತ್ತಿದ್ದರು. ಹುಬ್ಬು ಸೀಳಿದವರಿಗೆ ಹತ್ತಿ ಒತ್ತಿ ರಕ್ತ ನಿಲ್ಲಿಸುವುದು ಅವಳ ಕೆಲಸ. ಅದಾದ ಮೇಲೆ ಹಳೆಯ ಡಬ್ಬಿ ಕ್ಯಾಮೆರಾವನ್ನು ಹೊಟ್ಟೆಗೆ ಆನಿಸಿ, ತಲೆ ತಗ್ಗಿಸಿ ಮೇಲಿನ ಗಾಜಿನಲ್ಲಿ ನೋಡುತ್ತ ಊದಿದ ಮುಖಗಳ ಚಿತ್ರ ತೆಗೆಯುತ್ತಿದ್ದಳು. ದೊಡ್ಡ ಅಗಲದ ಫಿಲಂ, ಸುರುಳಿಗೆ ಹನ್ನೆರಡೇ ಚಿತ್ರ. “ನಮ್ಮ ಮೂತಿಗೆ ಫಿಲಂ ದಂಡ ಅಕ್ಕಾ” ಎನ್ನುತ್ತಲೇ ಹುಡುಗರು ತಲೆ ಬಾಚಿಕೊಂಡು ಬಂದು ನಿಲ್ಲುತ್ತಿದ್ದರು.

ಫಿಲಂ ತೊಳೆಯುವುದು ಮನೆಯ ಬಚ್ಚಲಲ್ಲಿ. ಬಾಗಿಲ ಸಂದಿಗೆ ಬಟ್ಟೆ ತುರುಕಿ, ಕತ್ತಲಲ್ಲಿ ಕೈಯಂದಾಜಿನಲ್ಲೇ ಫಿಲಮನ್ನು ಚಕ್ರಕ್ಕೆ ಸುತ್ತಿ ಸ್ಟೀಲ್ ಡಬ್ಬಿಗೆ ಇಳಿಸುವಳು. ಹೊರಗಿನಿಂದ ತಮ್ಮ ಬಾಗಿಲು ಗುದ್ದುವನು: “ಇದೇನು ಬಚ್ಚಲೋ, ಸ್ಟುಡಿಯೋನೋ?” ತಾಯಿ ತಂದೆ ಹೋದ ಮೇಲೆ ಅವಳೇ ಸಾಕಿದ ತಮ್ಮ. ಅವನೂ ಅದೇ ಕ್ಲಬ್ಬಿನ ಬಾಕ್ಸರ್.

ಒಂದು ಭಾನುವಾರ ಅವನ ಪಂದ್ಯ. ಕ್ಲಬ್ಬಿನ ಕೋಚೇ ತೀರ್ಪುಗಾರ. “ನಾನು ಗೆಲ್ಲೋದನ್ನ ತೆಗಿಯಕ್ಕ” ಎಂದು ಹೇಳಿ ತಮ್ಮ ಹಗ್ಗದೊಳಗೆ ನುಗ್ಗಿದ. ಎದುರಾಳಿ ಗೂಳಿಯಂಥವನು. ಮೊದಲು ತುಟಿ ಒಡೆಯಿತು. ಆಮೇಲೆ ದವಡೆಗೆ ಬಿದ್ದ ಗುದ್ದಿಗೆ ಹಲ್ಲಿನ ಗಾರ್ಡು ರಕ್ತದ ಸಮೇತ ಹಾರಿಬಿತ್ತು. ತಮ್ಮ ಹಗ್ಗಕ್ಕೆ ಒರಗಿದ. ಕೈಗಳು ಜೋತುಬಿದ್ದವು. ಅಕ್ಕ ಕ್ಯಾಮೆರಾದ ಗುಂಡಿ ಒತ್ತಿದಳು. ಗುದ್ದು ಮಾತ್ರ ನಿಲ್ಲಲಿಲ್ಲ. ಹೊಟ್ಟೆಗೆ, ಎಡಗಿವಿಗೆ, ಮತ್ತೆ ಅದೇ ಕಿವಿಗೆ.

“ನಿಲ್ಸಿ!” ಎಂದು ಅವಳು ಕೂಗಿದಳು.

“ಇನ್ನೂ ನಿಂತಿದಾನಲ್ಲಮ್ಮ, ಸುಮ್ನಿರು” ಎಂದ ಕೋಚ್.

ಅವಳು ಕ್ಯಾಮೆರಾ ಬೆಂಚಿನ ಮೇಲಿಟ್ಟು, ಹಗ್ಗದಡಿ ನುಸುಳಿ ನಡುವೆ ನಿಂತಳು. ತಮ್ಮನಿಗೆ ಬೀಸಿದ್ದು ಅವಳ ಕೆನ್ನೆಗೆ ಬಿತ್ತು. ಆಗ ಪಂದ್ಯ ನಿಂತಿತು.

ಮರುದಿನ ಮಧ್ಯಾಹ್ನ ಅವಳು ಆಗಷ್ಟೇ ತೊಳೆದ ಫಿಲಮನ್ನು ಬಚ್ಚಲ ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟಿದ್ದಳು. ಕ್ಲಬ್ಬಿಗೆ ಹೋಗಿದ್ದ ತಮ್ಮ ಕೆಂಡವಾಗಿ ಬಂದ. ಅಲ್ಲಿ ಅವನಿಗೆ ‘ಅಕ್ಕನ ಸೆರಗಿನ ಹುಲಿ’ ಎಂಬ ಹೆಸರು ಬಿದ್ದಿತ್ತು.

“ಗೆಲ್ತಿದ್ದೆ ನಾನು! ಊರ ಮುಂದೆ ಮಾನ ಕಳೆದ್ಯಲ್ಲ!” ಎಂದವನೇ ಫಿಲಂ ಎಳೆದು, ಮುದುಡಿ, ಹರಿದ. ತಡೆಯಲು ಬಂದ ಅಕ್ಕನನ್ನು ತಳ್ಳಿದ. ಅವಳ ಹಣೆ ನಲ್ಲಿಗೆ ಬಡಿದು ಒಡೆಯಿತು. ಕೈಗೆ ಸಿಕ್ಕ ಸ್ಟೀಲ್ ಡಬ್ಬಿಯಿಂದ ಅವಳು ಅವನ ಮುಖಕ್ಕೆ ಅಪ್ಪಳಿಸಿದಳು. ಮೂಗು ಲಟಕ್ಕೆಂದಿತು. ಅವನು ಒದ್ದೆ ನೆಲದಲ್ಲಿ ಕುಸಿದು ಕೂತ. ಇಬ್ಬರ ರಕ್ತವೂ ಒಂದೇ ತೂಬಿಗೆ ಹರಿಯಿತು.

“ತಲೆ ಮೇಲೆತ್ತಬೇಡ, ಮುಂದಕ್ಕೆ ಬಾಗು” ಎಂದು ಅವಳೇ ಅವನ ಮೂಗು ಒತ್ತಿ ಹಿಡಿದಳು.

ಸಂಜೆ, ಹರಿಯದೆ ಉಳಿದ ಒಂದೇ ತುಂಡನ್ನು ಮತ್ತೆ ತೊಳೆದು, ಒಣಗಿಸಿ ಸ್ಕ್ಯಾನರಿಗಿಟ್ಟಳು. ಪರದೆಯ ಮೇಲೆ ಉಗುರಿನ ಗೀರುಗಳ ನಡುವೆ ಚಿತ್ರ ಮೂಡಿತು: ಹಗ್ಗಕ್ಕೆ ಜೋತುಬಿದ್ದ ತಮ್ಮ, ರೆಪ್ಪೆ ತೆರೆದಿದೆ, ಬರೀ ಬಿಳಿಗುಡ್ಡೆ ಕಾಣುತ್ತಿದೆ, ಎದುರಿನವನ ಮುಷ್ಟಿ ಇನ್ನೂ ಬರುತ್ತಿದೆ.

“ಇದು ಯಾವಾಗ?” ಎಂದ ತಮ್ಮ, ಅವಳ ಹಿಂದೆ ಬಂದು ನಿಂತು.

“ನೀನು ಗೆಲ್ತಿದ್ದಾಗ.”

ಅವನು ಪರದೆಯ ಹತ್ತಿರಕ್ಕೆ ಬಾಗಿದ. “ನಂಗೆ ಇದು ನೆನಪೇ ಇಲ್ಲ ಅಕ್ಕಾ.”

ಮರುದಿನ ಆ ಚಿತ್ರದ ಪ್ರಿಂಟನ್ನು ಅವನು ಕ್ಲಬ್ಬಿಗೆ ಒಯ್ದು ಕೋಚ್ ಮುಂದೆ ಹಿಡಿದ. “ಒಳ್ಳೆ ಫೋಟೋ” ಎಂದ ಕೋಚ್. ತಮ್ಮ ಒಂದೇ ಗುದ್ದಿಗೆ ಅವನನ್ನು ಕೆಡವಿದ. ಅಂದೇ ಅಕ್ಕ ತಮ್ಮ ಇಬ್ಬರಿಗೂ ಕ್ಲಬ್ಬಿನ ಬಾಗಿಲು ಮುಚ್ಚಿತು.

ಅವಳೀಗ ಒಂದು ಕ್ಲಿನಿಕ್ಕಿನಲ್ಲಿ ಗಾಯಕ್ಕೆ ಪಟ್ಟಿ ಕಟ್ಟುತ್ತಾಳೆ, ಅವನು ಟಯರ್ ಅಂಗಡಿಯಲ್ಲಿದ್ದಾನೆ. ಅವನ ಎಡಗಿವಿ ಕೇಳಿಸುವುದಿಲ್ಲ. ಸಿಟ್ಟು ಹೋಗಿಲ್ಲ, ಈಚೆಗೆ ಗಿರಾಕಿಯೊಬ್ಬನ ಹಲ್ಲು ಉದುರಿಸಿ ಬಂದ. ಅಕ್ಕ ಅವನ ರಟ್ಟೆ ಹಿಡಿದು ಆ ಗಿರಾಕಿಯ ಮನೆಗೆ ಎಳೆದೊಯ್ದು ಕ್ಷಮೆ ಕೇಳಿಸಿದಳು.