ಮಗ್ಗುಲಾಗಲು ಬಿಡದ ಮಂಚ

ಮಂಚದ ಅಗಲವನ್ನು ನಿರ್ಧರಿಸಿದವರು ಯಾರೋ. ಅದರ ಮೇಲೆ ಉಸಿರುಗಟ್ಟಿ ಮಲಗಿದವರು ಮಾತ್ರ ಬಸುರಿಯರು. ಇಂದು ಬೆಳಿಗ್ಗೆ ಬಸುರಿ ನಾದಿನಿಯನ್ನು ಕಮಲಾಪುರದ ಒಂದು ಸಣ್ಣ ದವಾಖಾನೆಗೆ ಕರೆದೊಯ್ದಾಗ, ಹಸಿರು ರೆಕ್ಸಿನ್ ಹೊದ್ದ, ಹಲಗೆಯಷ್ಟೇ ಅಗಲದ ಅಂಥ ಮಂಚವೊಂದು ಕಂಡಿತು. ಸಿಟ್ಟು ಬರಬೇಕಿತ್ತು, ಬಂದದ್ದು ನಗು. ಓದುಗರೇ, ಆ ನಗುವಿಗೆ ಈಗ ನಾಲ್ಕು ವರ್ಷ. ಅದು ಬಾಲವಾಡಿಗೂ ಹೋಗುತ್ತದೆ.

ಆಗ ನನಗೆ ದಿನ ತುಂಬುತ್ತಿತ್ತು. ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಇಷ್ಟೇ ಅಗಲದ ಮಂಚದ ಮೇಲೆ ನನ್ನನ್ನು ಅಂಗಾತ ಮಲಗಿಸಿ, ಹೊಟ್ಟೆಗೆ ಪಟ್ಟಿ ಬಿಗಿದು, ಕೂಸಿನ ಎದೆಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಎಳೆಯುವ ಯಂತ್ರಕ್ಕೆ ಜೋಡಿಸಿದ್ದರು. ಹತ್ತು ಜನರ ಕೆಲಸ ಒಬ್ಬರ ಹೆಗಲಿಗೆ ಬಿದ್ದಿದ್ದರಿಂದ ಸಿಸ್ಟರ್ ಬೇರೆಡೆಗೆ ಓಡಿದ್ದರು. ಅದೂ ಒಂದು ಅನ್ಯಾಯವೇ. ನಂದೂರಿನ ಬೇಳೆ ಗಿರಣಿಯಂತೆ ಯಂತ್ರ ಸದ್ದು ಮಾಡುತ್ತಿತ್ತು. ಗೆರೆ ಸಪಾಟಾಗಿ ಸಾಗಿತ್ತು.

ಜೊತೆಗೆ ಬಂದಿದ್ದ ಅತ್ತೆ ಹಿಗ್ಗಿದರು. "ನೋಡು, ಗೆರಿ ಹೆಂಗ ಸೀದಾ ಹೊಂಟದ! ಭಾಳ ಶಾಂತ ಕೂಸು. ನಿನ್ನಂಗ ಒದರಂಗಿಲ್ಲ."

ಹುಟ್ಟುವ ಮೊದಲೇ ಕೂಸಿನ ಮೇಲೆ ಮೌನವನ್ನು ಹೇರುವುದು ಅನ್ಯಾಯವೆಂದು, ಮಹಿಳಾ ಸಂಘಟನೆಯ ಕಾರ್ಯಕರ್ತೆಯಾದ ನಾನು ಮಲಗಿದಲ್ಲಿಂದಲೇ ಭಾಷಣ ಆರಂಭಿಸಿದೆ. ಎರಡನೆಯ ವಾಕ್ಯಕ್ಕೆ ಬೆವರಿದೆ. ಮೂರನೆಯದಕ್ಕೆ ಕಣ್ಣು ಕತ್ತಲೆಗಟ್ಟಿತು.

ಒಳಬಂದ ಡಾಕ್ಟರ್ ಗೆರೆ ನೋಡಿ ಗಂಭೀರರಾದರು. "ಸೀದಾ ಇರಬಾರ್ದು ಅಮ್ಮಾ. ಬಡಿತ ಏರಬೇಕು, ಇಳೀಬೇಕು. ಈಗ ಬರೇ ಇಳ್ಯಾಕತ್ತದ. ಏನ್ರೀ ಭಾಷಣದವರ, ಲಗೂನ ಎಡಕ್ಕ ಹೊಳ್ಳ್ರಿ!"

"ಮಲಗಿದಲ್ಲೇ ಹೊಳ್ಳಬಾರ್ದು!" ಅತ್ತೆ ಅಡ್ಡ ಬಂದರು. "ಕೂಸಿನ ಕೊರಳಿಗಿ ಹೊಕ್ಕಳ ಬಳ್ಳಿ ಸುತ್ತತದ. ಎದ್ದು ಕುಂತೇ ಹೊಳ್ಳಬೇಕು."

"ಬಳ್ಳಿ ಸುತ್ತಂಗಿಲ್ಲಮ್ಮಾ. ತುಂಬಿದ ಹೊಟ್ಟಿ ದೊಡ್ಡ ರಕ್ತನಾಳದ ಮ್ಯಾಲ ಕುಂತದ. ತಾಯಿ ಎದಿಗಿ ರಕ್ತ ವಾಪಸ್ ಬರವಲ್ದು, ಕೂಸಿಗಿ ಮುಟ್ಟವಲ್ದು. ಮೊದಲ ಹಿಡೀರಿ!"

ಹೊರಳಿದರೆ ನೆಲವೇ ಗತಿ. ಮಂಚ ಅಷ್ಟು ಇಕ್ಕಟ್ಟು. ಡಾಕ್ಟರ್ ಬೆನ್ನು ಹಿಡಿದರು. ಅತ್ತೆ ನಂಬಿಕೆಯನ್ನು ಬದಿಗಿಟ್ಟು, ನಾನು ಬೀಳದಂತೆ ನನ್ನ ಹೊಟ್ಟೆಗೆ ತಮ್ಮ ಹೊಟ್ಟೆಯನ್ನೇ ಗೋಡೆಯಾಗಿ ಕೊಟ್ಟು ನಿಂತರು. ಗಿರಣಿಯ ಸದ್ದೊಂದೇ.

ಆಮೇಲೆ ಗೆರೆ ಎದ್ದಿತು. ಇಳಿಯಿತು. ಮಹಾಗಾಂವದ ದಾರಿಯ ಟೆಂಪೊದಂತೆ ಮತ್ತೆ ಜಿಗಿಯಿತು. ಅದೇ ಹೊತ್ತಿಗೆ ಕೂಸು ಒದ್ದ ಒದೆ ನೇರವಾಗಿ ಅತ್ತೆಯ ಹೊಟ್ಟೆಗೆ ತಗುಲಿತು.

"ಯವ್ವಾ, ಒದೀತು! ಹುಟ್ಟಿಲ್ಲ ಇನ್ನಾ, ನನಗೇ ಒದೀತು! ಥೇಟ್ ನಿನ್ನಂಗೇ ಅದ ನೋಡು!"

ಡಾಕ್ಟರ್ ನಕ್ಕರು. ನಾನು ನಕ್ಕಾಗ ಗೆರೆ ಇನ್ನಷ್ಟು ಕುಣಿಯಿತು. ಅದನ್ನು ಕಂಡು ಅತ್ತೆ ಅಳುತ್ತಲೇ ನಕ್ಕರು. ಅವ್ಯವಸ್ಥೆಯೇ ಆರೋಗ್ಯದ ಲಕ್ಷಣವೆಂದು ಒಪ್ಪಿಕೊಳ್ಳುವುದು ಶಿಸ್ತಿನ ಕಾರ್ಯಕರ್ತೆಗೆ ಎಷ್ಟು ಸಂತೋಷದ ಸೋಲು!

ಇಂದು ನಾದಿನಿ ಎಡಕ್ಕೆ ಹೊರಳಿದಾಗ ಗೋಡೆಯಾಗಿ ನಿಂತವಳು ನಾನು. ಆದರೆ ಒಂಟಿಯಾಗಿ ಬರುವ ಹೆಣ್ಣುಮಕ್ಕಳಿಗೆ ಗೋಡೆ ಯಾರು? ದವಾಖಾನೆಗಳಿಗೆ ಮಂಚ ಖರೀದಿಸುವ ಅಧಿಕಾರಿಗಳೇ, ಬಸುರಿಯರ ಮುಂದಿನ ತಪಾಸಣೆಯ ದಿನಕ್ಕೆ ಮೊದಲು ಈ ಇಕ್ಕಟ್ಟಿನ ಮಂಚಗಳನ್ನು ತೆಗೆಸಿರಿ. ತುಂಬು ಬಸುರಿ ಎಡಮಗ್ಗುಲಿಗೆ ನಿರ್ಭಯವಾಗಿ ಮಲಗುವಷ್ಟು ಅಗಲದ ಮಂಚವನ್ನೂ, ಅವಳ ಬೆನ್ನಿಗೆ ಒಂದು ದಿಂಬನ್ನೂ ಕೊಡಿರಿ.